ಕೆಮ್ಮು ಬಾರದ ಕೆಂಪು ನೀರು

ಮೊದಲ ಮಳೆ ಬಿದ್ದರೆ ಬ್ಯಾಡಗಿ ಕೆಮ್ಮುತ್ತದೆ. ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅರ್ಧ ವರ್ಷ ಮೆಣಸಿನಕಾಯಿ ರಾಶಿ ಬಿದ್ದಿರುವ ಅಂಗಳಗಳು, ಗೋದಾಮಿನ ತಗಡುಗಳು, ಲಾರಿ ನಿಲ್ಲುವ ಜಾಗಗಳು, ಎಲ್ಲದರ ಮೇಲೂ ಸಣ್ಣ ಕೆಂಪು ಪುಡಿ ಕೂತಿರುತ್ತದೆ. ನಾಲ್ಕು ಹನಿ ಬಿದ್ದ ಕೂಡಲೇ ಆ ಪುಡಿಯ ಘಾಟು ಮೇಲೆದ್ದು ಮೂಗಿಗೆ ಹೊಡೆಯುತ್ತದೆ. ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ಕರವಸ್ತ್ರ ಹುಡುಕುತ್ತಾರೆ, ಅಂಗಡಿಯವರು ಗಿರಾಕಿಯ ಮುಖಕ್ಕೇ ಸೀನುತ್ತಾರೆ. ಆಮೇಲೆ ಅರ್ಧ ತಾಸು ಚರಂಡಿಗಳಲ್ಲಿ ಕೆಂಪು ನೀರು ಹರಿಯುತ್ತದೆ. ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಊರಿನಲ್ಲಿ ಕೆಂಪು ನೀರೆಂದರೆ ಮೆಣಸಿನಕಾಯಿ ನೀರು, ಬೇರೆ ಯಾವ ನೀರೂ ಅಲ್ಲ.

ನಾನೂ ಹಾಗೇ ತಿಳಿದಿದ್ದೆ. ರಸಾಯನಶಾಸ್ತ್ರ ಓದಿದವಳು, ಆದರೂ ಹಾಗೇ ತಿಳಿದಿದ್ದೆ.

ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಹೋಗುವ ದಾರಿಯಲ್ಲಿ, ಊರು ಮುಗಿದ ಮೇಲೆ, ಒಂದು ಬೀಜದ ಕಾರ್ಖಾನೆ ಇದೆ. ಅದರ ಪ್ರಯೋಗಾಲಯದಲ್ಲಿ ನಾನು ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೊಲಗಳಿಂದ ಬಂದ ಗೋವಿನಜೋಳದ ಬೀಜ, ಹತ್ತಿಬೀಜ ಅಲ್ಲಿ ಸ್ವಚ್ಛವಾಗುತ್ತದೆ; ಆಮೇಲೆ ದೊಡ್ಡ ಡ್ರಮ್ಮಿನಲ್ಲಿ ತಿರುಗಿ, ಹುಳ ಹತ್ತದ ಹಾಗೆ ಔಷಧ ಬಳಿಸಿಕೊಳ್ಳುತ್ತದೆ. ನಮ್ಮ ಕಡೆ ರೈತರು ಔಷಧ ಎನ್ನುವುದಿಲ್ಲ, ಎಣ್ಣಿ ಎನ್ನುತ್ತಾರೆ. ಹೆಸರು ಏನಾದರೇನು, ವಿಷವೇ. ಯಾರೂ ಮರೆತು ತಿನ್ನಬಾರದು, ಕಂಡ ಕೂಡಲೇ ಗೊತ್ತಾಗಬೇಕು ಎಂದು ಅದಕ್ಕೆ ಗಾಢ ಕೆಂಪು ಬಣ್ಣ ಸೇರಿಸಿರುತ್ತಾರೆ.

ಕಾರ್ಖಾನೆಯ ಪರವಾನಗಿಯಲ್ಲಿ ಒಂದು ಷರತ್ತಿದೆ. ಅಂಗಳದ ಮೇಲೆ ಬಿದ್ದ ಮಳೆನೀರು ಹೊರಗೆ ಹೋಗುವ ಮೋರಿಯ ಬಾಯಿಯಲ್ಲಿ ನಿಂತು, ವರ್ಷದ ಮೊದಲ ದೊಡ್ಡ ಮಳೆಯಲ್ಲಿ, ನೀರು ಹರಿಯಲು ಶುರುವಾದ ಅರ್ಧ ತಾಸಿನೊಳಗೆ ಬಾಟಲಿ ತುಂಬಬೇಕು. ಮೊದಲ ನೀರೇ ಯಾಕೆಂದರೆ ಅಂಗಳದ ಕೊಳೆಯೆಲ್ಲ ಬರುವುದು ಅದರಲ್ಲೇ. ಬಣ್ಣ ಏನು, ವಾಸನೆ ಏನು, ನೊರೆ ಇದೆಯೋ ಎಂದು ಬರೆದು, ಸಾಕ್ಷಿಯ ಸಹಿ ಹಾಕಿಸಿ, ಪರೀಕ್ಷೆಗೆ ಹಾವೇರಿಗೆ ಕಳಿಸಬೇಕು. ಆ ಬಾಟಲಿ ತುಂಬುವವಳು ನಾನು. ಸಾಕ್ಷಿಗೆ ಗೇಟಿನ ಕಾವಲುಗಾರ. ಅವನು ಮಳೆಯಲ್ಲಿ ಹೊರಗೆ ಬರದೆ ತನ್ನ ಗೂಡಿನಲ್ಲೇ ಕೂತು ಸಹಿ ಹಾಕುತ್ತಿದ್ದ.

ನಮ್ಮ ಪಕ್ಕದ ಗೋಡೆಯಾಚೆ ಒಬ್ಬ ವ್ಯಾಪಾರಿಯ ಮೆಣಸಿನಕಾಯಿ ಅಂಗಳ ಇತ್ತು. ಹಾಗಾಗಿ ಪ್ರತಿ ವರ್ಷ ನಮ್ಮ ಮೋರಿಯಲ್ಲೂ ಮೊದಲು ಕೆಂಪು ನೀರೇ ಬರುತ್ತಿತ್ತು. ಗಾಳಿಗೆ ಹಾರಿಬಂದ ಪುಡಿ ನಮ್ಮದಲ್ಲವಲ್ಲ, ಅವರ ಕೊಳೆಗೆ ನಮ್ಮ ವರದಿ ಯಾಕೆ ಕೆಡಬೇಕು? ಕೆಂಪು ಪೂರ್ತಿ ಹೋಗಲಿ ಎಂದು ಕಾಯುತ್ತಿದ್ದೆ. ತಿಳಿನೀರು ಬಂದ ಮೇಲೆ ಬಾಟಲಿ ತುಂಬಿ, ಬಣ್ಣದ ಕಾಲಮ್ಮಿನಲ್ಲಿ ‘ಮೊದಲು ಕೆಂಪು, ಪಕ್ಕದ ಮೆಣಸಿನಕಾಯಿ’ ಎಂದು ಬರೆಯುತ್ತಿದ್ದೆ. ವರದಿ ಪ್ರತಿ ಸಲವೂ ಚೊಕ್ಕಟವಾಗಿ ಬರುತ್ತಿತ್ತು. ಇದರಲ್ಲಿ ಮೋಸ ಇದೆ ಎಂದು ನನಗೆ ಒಂದು ದಿನವೂ ಅನಿಸಲಿಲ್ಲ.

ಮೋರಿಯ ನೀರು ರಸ್ತೆಯ ಕೆಳಗಿನಿಂದ ಹಾದು ಒಂದು ಹೊಂಡ ಸೇರುತ್ತದೆ. ಹೊಂಡದ ಪಕ್ಕದಲ್ಲಿ ಹತ್ತಾರು ಮನೆ. ಅದರಲ್ಲಿ ಒಂದು ನಮಗೆ ಹಾಲು ಹಾಕುವವಳದು. ಹೊತ್ತು ಏರಿದರೆ ಅವಳ ಎಮ್ಮೆ ಆ ಹೊಂಡದಲ್ಲಿ ಮೂಗು ಮಾತ್ರ ಹೊರಗಿಟ್ಟುಕೊಂಡು ಮಲಗುತ್ತದೆ. ಅಲ್ಲೇ ನೀರು ಕುಡಿಯುತ್ತದೆ. ಸಂಜೆ ಆ ಎಮ್ಮೆಯ ಹಾಲನ್ನು ಅವಳು ಕ್ಯಾನಿನಲ್ಲಿ ತುಂಬಿಕೊಂಡು ಬಸ್ ಹತ್ತಿ ಬ್ಯಾಡಗಿಗೆ ಬಂದು ಹಾಕುತ್ತಿದ್ದಳು. ನನ್ನ ಮಗಳನ್ನು ರಾಣೇಬೆನ್ನೂರಿಗೆ ಕೊಟ್ಟಿದ್ದೇವೆ. ಚೊಚ್ಚಲು ಬಸುರಿ, ಏಳು ತಿಂಗಳು ತುಂಬಿ ನನ್ನ ಹತ್ತಿರ ಬಂದಿದ್ದಳು. ನಮ್ಮವರು ತೀರಿಕೊಂಡು ಆರು ವರ್ಷವಾಯಿತು, ಮನೆಯಲ್ಲಿ ನಾವಿಬ್ಬರೇ. ಹಾಲಿನವಳು ಅವಳ ಹೊಟ್ಟೆ ನೋಡಿ ಅಳತೆಯ ಮೇಲೆ ಒಂದು ಗುಟುಕು ಹೆಚ್ಚೇ ಸುರಿಯುತ್ತಿದ್ದಳು.

“ನೀರು ಹಾಕಿಲ್ರಿ ಅಕ್ಕಾರ, ಗಟ್ಟಿ ಹಾಲು. ಬಸರಿ ಹೆಣ್ಣಮಗಳು ಕುಡಿಲಿ. ಹುಟ್ಟೂ ಕೂಸು ಎಮ್ಮಿ ಕರುವಿನಂಗ ಇರಬೇಕು ನೋಡ್ರಿ,” ಎಂದು ನಗುತ್ತಿದ್ದಳು.

ನನ್ನ ಒಂದು ಗುಣ ಇಲ್ಲೇ ಹೇಳಿಬಿಡುತ್ತೇನೆ. ಹೆದರಿದಾಗ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಚಿಕ್ಕವಳಿದ್ದಾಗ ಸಿಡಿಲು ಹೊಡೆದರೆ ಪಕ್ಕದಲ್ಲಿ ಯಾರಿದ್ದರೂ ಅವರಿಗೆ ಬೈಯುತ್ತಿದ್ದೆ. ಕಾರ್ಖಾನೆಯಲ್ಲಿ ನನ್ನ ಬೆನ್ನ ಹಿಂದೆ ‘ಬೈಯೂ ಮೇಡಂ’ ಎನ್ನುತ್ತಾರೆಂದು ಗೊತ್ತು. ಎನ್ನಲಿ. ನಾನು ಎಷ್ಟು ಪುಕ್ಕಲಿ ಎಂಬುದು ಅವರಿಗೆ ಗೊತ್ತಿಲ್ಲವಲ್ಲ, ಅಷ್ಟೇ ಸಾಕು.

ಹೋದ ವರ್ಷದ ಮೊದಲ ಮಳೆ ಮಧ್ಯಾಹ್ನ ಮೂರೂವರೆಗೆ ಬಂತು. ದೇವರಗುಡ್ಡದ ದಿಕ್ಕಿನಿಂದ ಮೋಡ ಕಪ್ಪಗೆ ಏರಿ ಬರುವುದನ್ನು ಕಿಟಕಿಯಲ್ಲಿ ನೋಡಿದೆ. ತಗಡಿನ ಮಾಡು, ಕಬ್ಬಿಣದ ಕಂಬ, ಬಯಲು, ಮೇಲೆ ಗುಡುಗು. ಮಳೆ ನಿಲ್ಲಲಿ ಆಮೇಲೆ ಹೋಗುತ್ತೇನೆ ಎನ್ನುವಂತಿಲ್ಲ. ಕಂದು ಗಾಜಿನ ಬಾಟಲಿ ಎರಡು, ಬಿಳಿ ಕ್ಯಾನು ಒಂದು, ಬರ್ಫದ ಪೆಟ್ಟಿಗೆ, ಕೈಗವಸು, ಫಾರ್ಮು. ರೇನ್‌ಕೋಟು ಹಾಕಿಕೊಂಡು ಓಡಿದೆ. ದಾರಿಯಲ್ಲಿ ಕಾವಲುಗಾರನಿಗೆ ಕಾರಣವಿಲ್ಲದೆ ಬೈದೆ.

ಮೋರಿಯ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಮೊದಲು ಧೂಳು, ಎಲೆ, ನೂಲಿನ ತುಂಡು ಬಂದವು. ಅದರ ಹಿಂದೆಯೇ ಕೆಂಪು ಬಂತು. ಪ್ರತಿ ವರ್ಷದ ಹಾಗೆ ಗಡಿಯಾರ ನೋಡಿಕೊಂಡು, ಕೆಂಪು ಹೋಗಲಿ ಎಂದು ಕಾಯುತ್ತಾ ಕೂತೆ. ಬಾಟಲಿ ಕೈಯಲ್ಲೇ ಇತ್ತು. ಹತ್ತು ನಿಮಿಷ ಕಳೆಯಿತು. ಸೆರಗನ್ನು ಮೂಗಿಗೆ ಒತ್ತಿ ಹಿಡಿದಿದ್ದೆ. ಕೈ ಸೋತು ಸೆರಗು ಬಿಟ್ಟೆ.

ಮಣ್ಣಿನ ವಾಸನೆ ಬಂತು. ಅದರ ಜೊತೆ ಇನ್ನೊಂದು, ನಮ್ಮ ಡ್ರಮ್ಮಿನ ಶೆಡ್ಡಿನಲ್ಲಿ ಬರುವ ಸಿಹಿ ಸಿಹಿ ವಾಸನೆ. ಘಾಟಿಲ್ಲ. ಸೀನು ಇಲ್ಲ. ಗಂಟಲು ಸ್ವಲ್ಪವೂ ಕೆರೆಯಲಿಲ್ಲ.

ಕೆಂಪು ನೀರು ಕಾಲ ಕೆಳಗೆ ಹರಿಯುತ್ತಿದೆ, ನನಗೆ ಕೆಮ್ಮು ಬಂದಿಲ್ಲ. ಎದ್ದುನಿಂತು ಗೋಡೆಯಾಚೆ ನೋಡಿದೆ. ಪಕ್ಕದ ಅಂಗಳ ಖಾಲಿ. ಆ ವ್ಯಾಪಾರಿ ದೀಪಾವಳಿಯ ಹೊತ್ತಿಗೇ ಜಾಗ ಬಿಟ್ಟು ಊರಿನ ಆ ಬದಿಗೆ ಹೋಗಿದ್ದರು. ಅಂಗಳ ತೊಳೆಸಿ, ಗೇಟಿಗೆ ಬೀಗ ಹಾಕಿದ್ದನ್ನು ನಾನೇ ದಿನಾ ಬಸ್ಸಿನಿಂದ ನೋಡುತ್ತಿದ್ದೆ. ಆ ಹಂಗಾಮಿನಲ್ಲಿ ಅಲ್ಲಿ ಒಂದು ಮೆಣಸಿನಕಾಯಿಯೂ ಬಿದ್ದಿರಲಿಲ್ಲ. ಕಣ್ಣಿಗೆ ಕಂಡಿದ್ದು ತಲೆಗೆ ಹೋಗಿರಲಿಲ್ಲ.

ಹಾಗಾದರೆ ಈ ಕೆಂಪು ನಮ್ಮದು. ಹೊಂಡಕ್ಕೆ ಹೋಗುತ್ತಿರುವುದು ಬೀಜದ ಔಷಧ.

ಮ್ಯಾನೇಜರು ಛತ್ರಿ ಹಿಡಿದು ಬಂದರು. ರಾಣೇಬೆನ್ನೂರಿನವರು, ವ್ಯಾಪಾರಸ್ಥರ ಮನೆತನ, ಮೆಲುಮಾತಿನ ಮನುಷ್ಯ.

“ಇನ್ನಾ ತುಂಬಿಲ್ಲೇನ್ರಿ ಮೇಡಂ? ಇರ್ಲಿ, ಕೆಂಪು ಹೋಗ್ಲಿ, ಆಮ್ಯಾಲ ತುಂಬ್ರಿ. ಪ್ರತಿ ವರ್ಷದಂಗ.”

“ಸರ್, ನಿಮಗ ಕೆಮ್ಮು ಬಂತೇನ್ರಿ?”

“ಇಲ್ಲ. ಯಾಕ್ರಿ?”

“ನನಗೂ ಬಂದಿಲ್ರಿ.”

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಗೋಡೆಯಾಚೆ ನೋಡಿದರು. “ಅವರು ಖಾಲಿ ಮಾಡ್ಯಾರಲ್ರಿ,” ಎಂದು ತಮಗೆ ತಾವೇ ಹೇಳಿಕೊಂಡಂತೆ ಮೆಲ್ಲಗೆ ಅಂದರು. ಛತ್ರಿ ಹಿಡಿದ ಅವರ ಕೈ ಕೆಳಗಿಳಿಯಿತು, ತಲೆ ತೋಯ್ದರೂ ಗೊತ್ತಾಗಲಿಲ್ಲ.

ನಾನು ಕೂತು ಎರಡೂ ಬಾಟಲಿ, ಕ್ಯಾನು ತುಂಬಿದೆ. ಗಂಟೆ ಬರೆದೆ. ಬಣ್ಣದ ಕಾಲಮ್ಮಿನಲ್ಲಿ ಕೆಂಪು ಎಂದು ಬರೆದು ಪೆನ್ನು ಎತ್ತಿದೆ, ಮುಂದೆ ಏನೂ ಸೇರಿಸಲಿಲ್ಲ.

ಇಬ್ಬರೂ ಡ್ರಮ್ಮಿನ ಶೆಡ್ಡಿನ ಹಿಂದೆ ಹೋದೆವು. ಡ್ರಮ್ಮು ತೊಳೆದ ನೀರನ್ನು ಹಿಡಿದಿಡುವ ಸಿಮೆಂಟಿನ ಗುಂಡಿ ಅಲ್ಲಿದೆ. ಅದು ಅಂಚಿನವರೆಗೆ ತುಂಬಿತ್ತು. ಮೂಲೆಯಲ್ಲಿ ಒಂದು ಬಿರುಕು, ಅದರಿಂದ ಕೆಂಪು ನೀರು ಜಿನುಗಿ ಮಳೆನೀರಿನ ಕಾಲುವೆಗೆ ಸೇರುತ್ತಿತ್ತು. ಬಿರುಕಿನ ಎರಡೂ ಬದಿ ಸಿಮೆಂಟು ಒಳಗಿನ ತನಕ ಕೆಂಪು ಹತ್ತಿ ಕಪ್ಪಾಗಿತ್ತು. ಇವತ್ತು ನಿನ್ನೆಯ ಬಿರುಕಲ್ಲ ಅದು. ಪ್ರತಿ ಸೋಮವಾರ ನಾನು ಒಂದು ಹಾಳೆಯಲ್ಲಿ ‘ಗುಂಡಿ ಸುಸ್ಥಿತಿಯಲ್ಲಿದೆ’ ಎಂಬುದರ ಮುಂದೆ ಗುರುತು ಹಾಕಿ ಸಹಿ ಮಾಡುತ್ತಿದ್ದೆ. ಶೆಡ್ಡಿನ ಹಿಂದೆ ಕೆಸರು ಇರುತ್ತದೆಂದು, ಹೋಗಿ ನೋಡದೆ, ಮೇಜಿನ ಮುಂದೆಯೇ ಕೂತು ಹಾಕುತ್ತಿದ್ದೆ.

“ಎಷ್ಟು ವರ್ಷದ್ದೋ ಇದು,” ಎಂದೆ. ಮ್ಯಾನೇಜರು ಕೆಲಸದವರನ್ನು ಕರೆದು ಬಿರುಕಿಗೆ ಮರಳಿನ ಚೀಲ ಒಟ್ಟಿಸಿದರು, ಗುಂಡಿಯ ನೀರನ್ನು ಪಂಪು ಹಚ್ಚಿ ಖಾಲಿ ಪೀಪಾಯಿಗಳಿಗೆ ತುಂಬಿಸಿದರು. ಆಮೇಲೆ ನನ್ನನ್ನು ಬದಿಗೆ ಕರೆದರು.

“ಮೇಡಂ, ಬಾಟ್ಲಿ ಚೆಲ್ರಿ ಅನ್ನಂಗಿಲ್ಲ ನಾ. ಕಳಸ್ರಿ. ವರದಿ ಬರಲಿ. ಅಲ್ಲೀತನಕ ಹೊರಗ ಒಂದು ಮಾತು ಆಡಬ್ಯಾಡ್ರಿ. ಊರಾಗ ಸುದ್ದಿ ಆತಂದ್ರ ಮಂದಿ ಗೇಟಿಗೆ ಬರ್ತಾರ, ಗೇಟು ಮುಚ್ಚತೈತಿ. ಬೀಜ ಆರಸಾಕ ಬರೂ ಹೆಣ್ಣಮಕ್ಕಳು ಎಲ್ಲಿ ಹೋಗಬೇಕು? ನೀವು ಎಲ್ಲಿ ಹೋಗ್ತೀರಿ?”

“ಹೊಂಡದ ನೀರು ಎಮ್ಮಿ ಕುಡೀತೈತ್ರಿ ಸರ್.”

“ಹೊಸ ಮಳಿ ಬಿದ್ದೈತಿ, ನೀರು ತಿಳಿ ಆಗತೈತಿ ತಗೋರಿ,” ಎಂದರು. ಅದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ.

ನಾನು ಆಗ ಏನಾದರೂ ಅನ್ನಬೇಕಿತ್ತು. ಬೈಯುವುದರಲ್ಲಿ ಹೆಸರಾದವಳು ನಾನು. ಗುಂಡಿಯ ಹಾಳೆಯ ಮೇಲೆ ಇರುವ ಸಹಿ ನನ್ನದು ಎಂಬುದು ನೆನಪಾಯಿತು. ಹೂಂ ಎಂದೆ.

ಮನೆಗೆ ಬಂದಾಗ ಮಗಳು ಹೊರಗಿನ ಕಟ್ಟೆಯ ಮೇಲೆ ಕೂತು ಹಾಲು ಕುಡಿಯಲು ಲೋಟ ಎತ್ತಿದ್ದಳು. ಓಡಿಹೋಗಿ ಕಸಿದುಕೊಂಡೆ. ಅರ್ಧ ಅವಳ ಸೀರೆಯ ಮೇಲೆ ಚೆಲ್ಲಿತು.

“ಹಾಲು ಕೆಟ್ಟೈತಿ, ವಾಸನಿ ಬರತೈತಿ, ಮೂಗಿಲ್ಲೇನ ನಿನಗ?” ಎಂದು ಕೂಗಾಡಿದೆ.

“ಏನೂ ವಾಸನಿ ಇಲ್ಲಬೇ ಅವ್ವಾ. ಯಾಕ ಹಿಂಗ ಮಾಡ್ತಿ?” ಅವಳ ಕಣ್ಣಲ್ಲಿ ನೀರು ಬಂತು. ಪಾತ್ರೆಯ ಹಾಲನ್ನೆಲ್ಲ ಬಚ್ಚಲಿಗೆ ಸುರಿದು, ನೀರು ಬಿಟ್ಟು, ಬಾಗಿಲು ಹಾಕಿಕೊಂಡು ಅಲ್ಲೇ ನಿಂತೆ. ಆ ಸಂಜೆಯ ಹಾಲು ಮಳೆಗೆ ಮೊದಲು ಕರೆದದ್ದು ಎಂದು ನನಗೆ ಗೊತ್ತಿತ್ತು. ಆದರೆ ಬಿರುಕು ಹಳೆಯದು. ಒಂದು ತಿಂಗಳಿಂದ ಮಗಳು ಎರಡೂ ಹೊತ್ತು ಅದೇ ಹಾಲು ಕುಡಿದಿದ್ದಾಳೆ. ಅವಳ ಹೊಟ್ಟೆಯೊಳಗಿನ ಕೂಸೂ ಕುಡಿದಂತೆ. ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಬರ್ಫದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾವೇರಿಯ ಬಸ್ ಹತ್ತಿದೆ. ಅಲ್ಲಿ ಒಂದು ಖಾಸಗಿ ಪ್ರಯೋಗಾಲಯದವರು ಮಾದರಿ ತೆಗೆದುಕೊಂಡು ಮುಂದೆ ಕಳಿಸುತ್ತಾರೆ. ಕೌಂಟರಿನಲ್ಲಿದ್ದವನು ಬಾಟಲಿಯನ್ನು ಬೆಳಕಿಗೆ ಹಿಡಿದು ನಕ್ಕ.

“ಬ್ಯಾಡಗಿದಲ್ರಿ? ಮೆಣಸಿನಕಾಯಿ ಇದು. ಖಾರದ ನೀರಿಗೆ ಇಷ್ಟು ದೊಡ್ಡ ಪರೀಕ್ಷಾ ಯಾಕ್ರಿ? ಸುಮ್ನ ಸಣ್ಣದು ಬರೀಲೇನು?”

ಹೌದೆಂದರೆ ಮುಗಿಯುತ್ತಿತ್ತು. ಸಣ್ಣ ಪರೀಕ್ಷೆಯಲ್ಲಿ ಔಷಧ ಸಿಗುವುದಿಲ್ಲ. ಬಾಯಿಯ ತನಕ ಬಂದಿತ್ತು ಆ ಮಾತು, ಸುಳ್ಳೇಕೆ ಹೇಳಲಿ. ಆದರೆ ಅವನ ನಗು ನೋಡಿ ನನಗೆ ಸಿಟ್ಟು ಬಂತು. “ಮೂಸಿ ನೋಡು, ಕೆಮ್ಮು ಬಂದ್ರ ಸಣ್ಣದು ಬರಿ. ಬರದಿದ್ರ ಎಣ್ಣಿದು ಬರಿ,” ಎಂದೆ. ಅವನು ಮೂಸಿ ನೋಡಲಿಲ್ಲ. ಸುಮ್ಮನೆ ಔಷಧದ ಪರೀಕ್ಷೆ ಎಂದು ಬರೆದ. ಎರಡು ವಾರ ಬೇಕು ಎಂದ.

ಸಂಜೆ ಹಾಲಿನವಳು ಕ್ಯಾನು ಇಳಿಸಿದಾಗ ಬಾಗಿಲಲ್ಲೇ ತಡೆದೆ.

“ಎರಡು ವಾರ ಹಾಲು ಬ್ಯಾಡವಾ. ಮಗಳಿಗೆ ಪಿತ್ತ ಆಗೈತಿ, ಡಾಕ್ಟರು ಹಾಲು ಬಿಡಂದಾರ.”

“ಅಯ್ಯ, ಬಸರಿಗೆ ಹಾಲು ಬಿಡ ಅನ್ನೂ ಡಾಕ್ಟರ್ ಯಾರ್ರಿ ಅಂವಾ? ಆತು ತಗೋರಿ. ಎರಡು ವಾರ ಬಿಟ್ಟು ಬರ್ತೇನಿ.”

“ಮತ್ತ... ಎಮ್ಮಿನ ಹೊಂಡಕ್ಕ ಬಿಡಬ್ಯಾಡ. ಹೊಸ ನೀರು. ನೆಗಡಿ ಗಿಗಡಿ ಆದೀತು.”

ಅವಳು ಸೊಂಟದ ಮೇಲೆ ಕೈಯಿಟ್ಟು ಮನಸಾರೆ ನಕ್ಕಳು. “ಎಮ್ಮಿಗೆ ನೆಗಡಿ! ಕಲ್ತವ್ರು ಏನರೆ ಹೇಳ್ತೀರಿ ಅಕ್ಕಾರ. ಮೂಗಿಗೆ ವಿಕ್ಸ್ ಹಚ್ಚಲೇನ್ರಿ ಹಂಗಾದ್ರ?” ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ. ಅವಳು ಪಕ್ಕದ ಮನೆಗೆ ಹೋಗಿ ಹಾಲು ಹಾಕುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ನನ್ನ ಮನೆಯ ಹಾಲು ನಿಲ್ಲಿಸಿದ್ದೆ. ಪಕ್ಕದ ಮನೆಯದು ನಿಲ್ಲಿಸಲಿಲ್ಲ.

ಆ ಎರಡು ವಾರ ನಾನು ಹೇಗಿದ್ದೆ ಎಂದು ಬರೆಯುವುದು ಕಷ್ಟ. ಮಗಳು ಹೊಟ್ಟೆ ಮೇಲೆ ಕೈಯಿಟ್ಟುಕೊಂಡರೆ, “ಒದೀತೇನ? ಇವತ್ತ ಒದ್ದೈತಿಲ್ಲ?” ಎಂದು ಕೇಳುತ್ತಿದ್ದೆ. ಒದ್ದಿದೆ ಎಂದರೆ ಅರ್ಧ ದಿನ ಸಮಾಧಾನ. ಇನ್ನೂ ಇಲ್ಲ ಎಂದರೆ ಕಾರ್ಖಾನೆಯಿಂದ ಎರಡೆರಡು ಸಲ ಫೋನು. “ನಿನ್ನ ಕಾಟಕ್ಕ ಕೂಸು ಒದಿಯೂದ ಬಿಟ್ಟೀತು,” ಎಂದು ಅವಳು ರೇಗುತ್ತಿದ್ದಳು. ಬಸ್ಸು ಹೊಂಡದ ಹತ್ತಿರ ಬಂದಾಗ ಕಿಟಕಿಯಿಂದ ಬಗ್ಗಿ ಎಮ್ಮೆಯನ್ನು ಹುಡುಕುತ್ತಿದ್ದೆ. ನೀರಿನಲ್ಲಿ ಕಪ್ಪು ತಲೆ ಕಾಣುತ್ತಿತ್ತು. ಸತ್ತಿಲ್ಲ ಎಂದು ಒಂದು ನಿಟ್ಟುಸಿರು, ಇನ್ನೂ ಹೊಂಡಕ್ಕೇ ಬಿಡುತ್ತಿದ್ದಾಳೆ ಎಂದು ಮತ್ತೆ ಹೆದರಿಕೆ. ಇಳಿದು ಹೋಗಿ ಹೇಳು ಎಂದು ಮನಸ್ಸು ಹೇಳುತ್ತಿತ್ತು. ವರದಿ ಬರಲಿ ಎಂದು ನಾನು ಅದಕ್ಕೆ ಹೇಳುತ್ತಿದ್ದೆ. ಮೆಣಸಿನಕಾಯಿಯೇ ಇರಬಹುದು, ಹಳೆಯ ಪುಡಿ, ಘಾಟು ಆರಿಹೋಗಿರಬಹುದು ಎಂದು ಒಬ್ಬಳೇ ಲೆಕ್ಕ ಹಾಕುತ್ತಿದ್ದೆ. ರಸಾಯನಶಾಸ್ತ್ರವನ್ನು ನಾನು ಅಷ್ಟು ಬಗ್ಗಿಸಿದ್ದು ಅದೇ ಮೊದಲು.

ಕೆಲಸದವರಿಗೆ ಆ ದಿನಗಳಲ್ಲಿ ಬೈದ ಬೈಗುಳ ಅವರು ಇನ್ನೂ ನೆನಪಿಟ್ಟಿದ್ದಾರೆ.

ಹದಿಮೂರನೆಯ ದಿನ ಬೆಳಿಗ್ಗೆ ಬಸ್ಸಿನಿಂದ ಇಳಿದಾಗ ಹಾಲಿನವಳು ರಸ್ತೆಯ ಬದಿಗೆ ಎಮ್ಮೆ ಹಿಡಿದುಕೊಂಡು ನಿಂತಿದ್ದಳು. ಅವಳ ಸೆರಗು ಹಿಡಿದು ಒಂದು ಹೆಣ್ಣುಕೂಸು, ನಾಲ್ಕು ವರ್ಷದ್ದಿರಬಹುದು, ಅವಳ ಮಗಳ ಮಗಳು. ಕೂಸಿನ ಮೇಲ್ತುಟಿಯ ಮೇಲೆ ಹಾಲಿನ ಬಿಳಿ ಗೆರೆ ಇನ್ನೂ ಒಣಗಿರಲಿಲ್ಲ.

“ನೋಡ್ರಿ ಅಕ್ಕಾರ, ಗಲ್ಲ ಹೆಂಗ ತುಂಬ್ಯಾವು,” ಎಂದು ಕೂಸಿನ ಕೆನ್ನೆ ಹಿಂಡಿದಳು. “ನಮ್ಮ ಎಮ್ಮಿ ಹಾಲು ನಮ್ಮ ಕೂಸಿಗೆ ಒಂದಿನಾನೂ ಸಿಕ್ಕಿರಲಿಲ್ಲ ನೋಡ್ರಿ. ಎಲ್ಲಾ ವಾಡಿಕಿ ಮನಿಗೇ ಹೋಗಿಬಿಡ್ತಿತ್ತು. ಇದಕ್ಕ ಚಾನೇ ಗತಿ. ನೀವು ಬ್ಯಾಡಂದ್ರಲ್ಲ, ಅವತ್ತಿಂದ ನಿಮ್ಮ ಪಾಲಿಂದು ಇದಕ್ಕ ಕುಡಸಾಕತ್ತೇನಿ. ನಿಮ್ಮ ಹೆಸರು ಹೇಳಿ ಕುಡೀತೈತಿ. ಹೇಳವಾ, ಯಾರ ಹಾಲು?”

ಕೂಸು ನಾಚಿಕೊಂಡು ನನ್ನ ಕಡೆ ಬೆರಳು ತೋರಿಸಿತು.

ಬಸ್ ನಿಲ್ದಾಣದ ಕಂಬ ಹಿಡಿದುಕೊಂಡೆ. ನನ್ನ ಮಗಳಿಗೆ ಬೇಡವೆಂದು ನಾನು ಬಿಟ್ಟ ಹಾಲು, ಅಳತೆ ತಪ್ಪದೆ, ದಿನವೂ ಈ ಕೂಸಿನ ಹೊಟ್ಟೆಗೆ ಹೋಗಿತ್ತು.

“ಕುಡಸಬ್ಯಾಡ,” ಎಂದೆ. ಇನ್ನೊಮ್ಮೆ ಹೇಳಿದೆ. “ಕುಡಸಬ್ಯಾಡವಾ. ಹೊಂಡಕ್ಕ ನಮ್ಮ ಎಣ್ಣಿ ಸೇರೈತಿ. ಕೆಂಪು ನೀರು ಮೆಣಸಿನಕಾಯಿದಲ್ಲ, ನಮ್ಮ ಬೀಜಕ್ಕ ಹಾಕೂ ಎಣ್ಣಿದು. ಎಮ್ಮಿ ಅದನ್ನ ಕುಡದೈತಿ.”

ಅವಳು ಮೊದಲು ಎಮ್ಮೆಯನ್ನು ನೋಡಿದಳು. ಆಮೇಲೆ ಕೂಸನ್ನು. ಬಗ್ಗಿ ಸೆರಗಿನಿಂದ ಕೂಸಿನ ತುಟಿ ಒರೆಸಿದಳು. ಒರೆಸಿದಲ್ಲೇ ಮತ್ತೆ ಮತ್ತೆ ಒರೆಸಿದಳು, ಕೂಸು ಅಳಲು ಶುರುಮಾಡುವ ತನಕ. ಆಮೇಲೆ ಎದ್ದುನಿಂತು ಕೇಳಿದಳು. ಕೂಗಲಿಲ್ಲ, ಬೈಯಲಿಲ್ಲ.

“ನಿಮ್ಮ ಮಗಳಿಗೆ ಪಿತ್ತ ಆಗಿದ್ದಿಲ್ಲ ಹಂಗಾದ್ರ?”

“ಇಲ್ಲ.”

“ಅವತ್ತ ಗೊತ್ತಿತ್ತಲ್ರಿ ನಿಮಗ.”

“ಗೊತ್ತಿತ್ತು,” ಎಂದೆ.

ಅವಳು ಎಮ್ಮೆಯ ಹಗ್ಗವನ್ನು ಕಂಬಕ್ಕೆ ಕಟ್ಟಿ, ಕೂಸನ್ನು ಎತ್ತಿಕೊಂಡು, ಬಂದ ಮೊದಲ ಬಸ್ಸಿಗೆ ಕೈ ಮಾಡಿ ಹತ್ತಿದಳು. ನಾನೂ ಹತ್ತಿದೆ. ಬ್ಯಾಡಗಿಯ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಔಷಧದ ಹೆಸರು, ಅದು ದೇಹದಲ್ಲಿ ಏನು ಮಾಡುತ್ತದೆ ಎಲ್ಲ ನಾನೇ ಹೇಳಿದೆ. ಕೂಸಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಹಾಲಿನವಳು ನನ್ನ ಪಕ್ಕದ ಬೆಂಚಿನ ಮೇಲೆ ಕೂರಲಿಲ್ಲ. ಅಲ್ಲಿಂದ ಅವಳು ಒಂದೊಂದೇ ವಾಡಿಕೆಯ ಮನೆಗೆ ಹೋಗಿ ಹಾಲು ಕುಡಿಯಬೇಡಿ ಎಂದು ಹೇಳಿಬಂದಳು. ಆ ಕೆಲಸ ನನ್ನದಾಗಿತ್ತು. ಅವಳು ಮಾಡಿದಳು.

ಸಂಜೆ ಹೊಂಡದ ಮನೆಯವರೆಲ್ಲ ಗೇಟಿಗೆ ಬಂದರು. ಮ್ಯಾನೇಜರು ಹೆದರಿದ ಹಾಗೆ ಯಾರೂ ಗೇಟು ಮುರಿಯಲಿಲ್ಲ. ನೆಲದ ಮೇಲೆ ಕೂತರು, ಅಷ್ಟೇ. ಗುಂಡಿಯ ಬಿರುಕನ್ನು ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಎರಡು ದಿನಕ್ಕೆ ವರದಿ ಬಂತು. ಮೆಣಸಿನಕಾಯಿ ಅಲ್ಲ. ಔಷಧ ಇದೆ, ಇರಬಾರದಷ್ಟು ಇದೆ. ವರದಿ ಹಾವೇರಿಯ ಸರ್ಕಾರಿ ಕಚೇರಿಗೆ ಹೋಯಿತು, ಅಧಿಕಾರಿಗಳು ಬಂದರು, ಮೂರು ತಿಂಗಳು ಡ್ರಮ್ಮು ನಿಂತಿತು. ಹೊಂಡಕ್ಕೆ ಬೇಲಿ ಬಿತ್ತು, ದನಗಳಿಗೆ ಟ್ಯಾಂಕರಿನ ನೀರು ಬಂತು. ಗುಂಡಿಯನ್ನು ಒಡೆದು ಮೋರಿಯಿಂದ ದೂರ ಹೊಸದು ಕಟ್ಟಿದರು. ನನ್ನನ್ನು ತೆಗೆಯುತ್ತಾರೆ ಎಂದುಕೊಂಡಿದ್ದೆ. ಮೊದಲ ನೀರು ತುಂಬಿದವಳು ನಾನೇ ಎಂಬ ಕಾರಣಕ್ಕೆ ಉಳಿಸಿಕೊಂಡರು. ಅದಕ್ಕೂ ಹಿಂದೆ ಎಷ್ಟು ವರ್ಷ ತುಂಬಲಿಲ್ಲ ಎಂದು ಯಾರೂ ಕೇಳಲಿಲ್ಲ.

ಕೂಸಿನ ರಕ್ತದಲ್ಲಿ ಏನೂ ಕಾಣಲಿಲ್ಲ ಎಂದರು. ಎಮ್ಮೆಯ ಹಾಲಿನಲ್ಲೂ ಏನೂ ಇಲ್ಲ ಎಂದರು. ಆದರೆ ಆ ಹಾಲು ತೆಗೆದದ್ದು ಟ್ಯಾಂಕರಿನ ನೀರು ಶುರುವಾದ ಮೇಲೆ. ಅದಕ್ಕೆ ಮೊದಲಿನ ಹಾಲು ಯಾರ ಹತ್ತಿರವೂ ಉಳಿದಿರಲಿಲ್ಲ, ಎಲ್ಲ ಕುಡಿದಾಗಿತ್ತು. ನನ್ನ ಮಗಳು ಹೆತ್ತಾಗ ನಾನು ಮೊದಲು ನೋಡಿದ್ದು ಗಂಡೋ ಹೆಣ್ಣೋ ಎಂದಲ್ಲ. ಕೈಬೆರಳು, ಕಾಲ್ಬೆರಳು ಎಣಿಸಿದೆ, ಎರಡು ಸಲ ಎಣಿಸಿದೆ. ನರ್ಸು ನಕ್ಕಳು. ನನ್ನ ಮೊಮ್ಮಗು, ಹಾಲಿನವಳ ಮೊಮ್ಮಗಳು, ಎರಡು ಕೂಸುಗಳೂ ಚೆನ್ನಾಗಿವೆ. ಹೀಗೆ ಬರೆಯುವಾಗಲೂ ನನಗೆ ಭಯವೇ ಆಗುತ್ತದೆ.

ಹಾಲಿನವಳು ನನ್ನ ಮನೆಗೆ ಹಾಲು ಹಾಕುವುದಿಲ್ಲ. ಪಕ್ಕದ ಮನೆಗೆ ಹಾಕುತ್ತಾಳೆ. ನನ್ನ ಬಾಗಿಲ ಮುಂದೆಯೇ ಹಾದು ಹೋಗುತ್ತಾಳೆ.

ಈ ವರ್ಷದ ಮೊದಲ ಮಳೆ ಬೆಳಿಗ್ಗೆ ಹನ್ನೊಂದಕ್ಕೆ ಬಂತು. ಬಾಟಲಿ ಹಿಡಿದು ಗೇಟಿನ ಹತ್ತಿರ ಓಡಿದಾಗ ಅವಳು ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಮೋರಿಯ ಹತ್ತಿರ ಆಗಲೇ ನಿಂತಿದ್ದಳು. ನಾನು ಕರೆದಿರಲಿಲ್ಲ. ಮೋಡ ನೋಡಿ ತಾನೇ ಬಂದಿದ್ದಳು. ನೀರು ಬಂತು. ಮಣ್ಣಿನ ಬಣ್ಣದ ನೀರು. ನಾನು ಕಾಯಲಿಲ್ಲ, ಕೂಡಲೇ ಬಗ್ಗಿ ಬಾಟಲಿ ತುಂಬಿದೆ. ಮುಚ್ಚಳ ಹಾಕಿ, ಫಾರ್ಮಿನಲ್ಲಿ ಸಾಕ್ಷಿಯ ಜಾಗ ತೋರಿಸಿ, ಪೆನ್ನನ್ನು ಅವಳ ಕಡೆ ಚಾಚಿದೆ.

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಬಾಟಲಿಯನ್ನು ನೋಡಿದಳು.

“ಚೆಲ್ರಿ ಅದನ್ನ,” ಎಂದಳು. “ನೀವು ಬೆನ್ನ ಮಾಡಿ ತುಂಬಿದ್ರಿ, ನನಗ ಕಾಣಲಿಲ್ಲ. ಈ ಕಡೆ ತಿರುಗಿ ಮತ್ತೊಮ್ಮೆ ತುಂಬ್ರಿ.”

ಬೇರೆ ಯಾರಾದರೂ ನನಗೆ ಹೀಗೆ ಹೇಳಿದ್ದರೆ ಮೋರಿಗೇ ಬೀಳುವ ಹಾಗೆ ಬೈಯುತ್ತಿದ್ದೆ. ಬಾಟಲಿಯ ನೀರು ಚೆಲ್ಲಿದೆ. ಅವಳ ಕಡೆ ತಿರುಗಿ, ಮಳೆಯಲ್ಲಿ ಮೊಣಕಾಲೂರಿ ಕೂತು, ಮತ್ತೆ ತುಂಬಿದೆ.